ಹಿಂದಿನ ಕಾಲದ ಯಂತ್ರಮಾನವರು

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಯ ಜಲಾಶಯವನ್ನು ನೋಡಿದವರು ಅದರ ತೂಬನ್ನೂ ನೋಡಿರಬಹುದು. ತಿರುಗಿಸಿದರೆ ನೀರು ಹರಿಯುತ್ತದೆ. ಮತ್ತೆ ತಿರುಗಿಸಿದರೆ ನಿಲ್ಲುತ್ತದೆ. ಯಾರ ಹೊಲದ ಪೈರು ಬಾಡುತ್ತಿದೆಯೆಂದು ತೂಬು ವಿಚಾರಿಸುವುದಿಲ್ಲ. ವಿಚಾರಿಸಬೇಕಾದವನು ಅದನ್ನು ತಿರುಗಿಸುವ ಮನುಷ್ಯ. ಆದರೆ ಆ ತೂಬಿಗೇ ಕೈಕಾಲು ಮೂಡಿ, ಅದು ತಾನೇ ಯೋಚಿಸತೊಡಗಿದರೆ ಏನಾದೀತು?

ಇದು ಮಕ್ಕಳ ಪ್ರಶ್ನೆಯಂತೆ ತೋರಬಹುದು. ಆದರೆ ದೊಡ್ಡವರೂ ಇದನ್ನು ಮುಂದಿಟ್ಟುಕೊಂಡು ಆಡುವುದುಂಟು. ೧೯೭೪ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟ ಹೊರಬಂದಿತು. ನಾಲ್ಕಾರು ಜನ ಒಟ್ಟಿಗೆ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆಯನ್ನು ಬೆಳೆಸುತ್ತಾರೆ. ನಮ್ಮ ಬಯಲಾಟದ ಹಾಗೆ ಇಲ್ಲಿ ವೇಷವೂ ಬೇಡ, ಮೊದಲೇ ಕಲಿತ ಪದವೂ ಬೇಡ. ಪಾತ್ರ ಏನು ಮಾಡಬೇಕೆಂಬುದನ್ನು ಆಟಗಾರನೇ ಆ ಗಳಿಗೆಯಲ್ಲಿ ನಿರ್ಧರಿಸಬೇಕು. ಈ ಆಟಕ್ಕಾಗಿ ೨೦೦೪ರಲ್ಲಿ ಪ್ರಕಟವಾದ ‘ಎಬೆರಾನ್’ ಎಂಬ ಕಲ್ಪನೆಯ ಲೋಕದಲ್ಲಿ ‘ವಾರ್‌ಫೋರ್ಜ್ಡ್’ ಎಂಬ ಕುಲವೊಂದುಂಟು. ಯುದ್ಧ ಮಾಡುವುದಕ್ಕಾಗಿಯೇ ಮರ, ಕಲ್ಲು, ಲೋಹಗಳಿಂದ ತಯಾರಾದ ಸಿಪಾಯಿಗಳು ಅವರು. ಯುದ್ಧ ಮುಗಿದ ಮೇಲೆ ಒಪ್ಪಂದದಂತೆ ಅವರಿಗೆ ಸ್ವಾತಂತ್ರ್ಯ ಸಿಕ್ಕಿದೆ. ಆ ಪಾತ್ರವನ್ನು ಆರಿಸಿಕೊಂಡವನ ಮುಂದಿರುವ ಪ್ರಶ್ನೆ ಇದು: ಅಪ್ಪಣೆ ಕೊಡುವವರು ಇಲ್ಲದಿರುವಾಗ ನಾನೇನು ಮಾಡಲಿ?

‘ರೋಬಟ್’ ಎಂಬ ಮಾತು ಚೆಕ್ ನಾಟಕಕಾರ ಕಾರೆಲ್ ಚಾಪೆಕ್‌ನ ೧೯೨೦ರ ನಾಟಕದಿಂದ ಬಂದುದು. ಅದರ ಮೂಲದಲ್ಲಿರುವುದು ಬಿಟ್ಟಿಚಾಕರಿ ಎಂಬ ಅರ್ಥ. ಮಾತು ಹೊಸದಾದರೂ ಕಲ್ಪನೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ನಿಮಗೆ ಗೊತ್ತಿದೆ. ಆ ವಂಶದ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ೯೫೯ರಲ್ಲಿ, ಸೋಮದೇವಸೂರಿ ಸಂಸ್ಕೃತದಲ್ಲಿ ‘ಯಶಸ್ತಿಲಕ ಚಂಪು’ವನ್ನು ಮುಗಿಸಿದನು. ಅದರಲ್ಲಿ ಬರುವ ಜಲಯಂತ್ರಗಳ ಮನೆಯಲ್ಲಿ, ಮುಟ್ಟಿದರೆ ಗಂಧದ ನೀರನ್ನು ಚಿಮ್ಮಿಸುವ ಯಂತ್ರದ ಹೆಣ್ಣಿದ್ದಾಳೆ. ಮುಂದಿನ ಶತಮಾನದಲ್ಲಿ ಧಾರಾನಗರದ ಭೋಜರಾಜನ ‘ಸಮರಾಂಗಣ ಸೂತ್ರಧಾರ’ವು ದೀಪಕ್ಕೆ ಎಣ್ಣೆ ಹಾಕುವ, ಕುಣಿಯುವ, ಬಾಗಿಲು ಕಾಯುವ ಮರದ ಗೊಂಬೆಗಳನ್ನು ವರ್ಣಿಸುತ್ತದೆ. ಅವನ್ನು ಜೋಡಿಸುವ ಬಗೆಯನ್ನು ಮಾತ್ರ ಗ್ರಂಥಕಾರ ಪೂರ್ತಿ ಹೇಳುವುದಿಲ್ಲ. ತಿಳಿಯದೆ ಅಲ್ಲ, ಗುಟ್ಟು ಉಳಿಯಲೆಂದು ಬಿಟ್ಟೆನೆನ್ನುತ್ತಾನೆ.

ಇವೆಲ್ಲ ವಿನೋದಕ್ಕೆ, ಸೇವೆಗೆ ಇದ್ದ ಬೊಂಬೆಗಳು. ಕಾವಲಿನ ಯಂತ್ರಗಳ ಕಥೆ ಬೌದ್ಧರಲ್ಲಿದೆ. ಬುದ್ಧನ ಧಾತುಗಳನ್ನು ಅಜಾತಶತ್ರು ನೆಲದಡಿಯಲ್ಲಿ ಇರಿಸಿದಾಗ, ಗಾಳಿಯ ವೇಗದಲ್ಲಿ ಕತ್ತಿ ಬೀಸುತ್ತ ಸುತ್ತುವ ಮರದ ಆಳುಗಳನ್ನು ವಿಶ್ವಕರ್ಮನು ಅಲ್ಲಿ ಹೂಡಿದನೆಂದು ಬುದ್ಧಘೋಷನ ಹೆಸರಿನ ಪಾಲಿ ವ್ಯಾಖ್ಯಾನ ಹೇಳುತ್ತದೆ. ಬರ್ಮಾದ ಕಡೆಯ ‘ಲೋಕಪಞ್ಞತ್ತಿ’ ಎಂಬ ಪಾಲಿ ಗ್ರಂಥದಲ್ಲಿ ಈ ಕಥೆ ಇನ್ನೂ ಬೆಳೆದಿದೆ. ಅಲ್ಲಿ ಯಂತ್ರವಿದ್ಯೆ ರೋಮ್ ದೇಶದ ಗುಟ್ಟು. ದೇಶ ಬಿಟ್ಟು ಹೊರಟ ಯಂತ್ರಶಿಲ್ಪಿಯನ್ನು ಯಂತ್ರವೇ ಬೆನ್ನಟ್ಟಿ ಕೊಲ್ಲುತ್ತದೆ. ಪಾಟಲಿಪುತ್ರದ ಹಂಬಲ ಬಿಡದ ಒಬ್ಬನು ವಿದ್ಯೆಯ ಬರಹವನ್ನು ತನ್ನ ತೊಡೆಯೊಳಗಿಟ್ಟು ಹೊಲಿದುಕೊಂಡು ಹೊರಡುತ್ತಾನೆ. ಯಂತ್ರ ಅವನನ್ನು ಕೊಂದರೂ ಮಗ ಆ ಬರಹವನ್ನು ಪಡೆದು ತರುತ್ತಾನೆ.

ಮುಂದೆ ಅಶೋಕನು ಭಕ್ತಿಯಿಂದ ಆ ಧಾತುಗಳನ್ನು ಅರಸಿ ಬರುತ್ತಾನೆ. ಯಂತ್ರಗಳು ಅವನಿಗೂ ಕತ್ತಿಯನ್ನೇ ಬೀಸುತ್ತವೆ. ಕಳ್ಳನಿಗೂ ಭಕ್ತನಿಗೂ ಅವಕ್ಕೆ ಭೇದ ತಿಳಿಯದು. ವ್ಯಾಖ್ಯಾನದ ಪ್ರಕಾರ, ಕೊನೆಗೆ ವಿಶ್ವಕರ್ಮನೇ ಹಳ್ಳಿಯ ಹುಡುಗನಂತೆ ಬಂದು, ಬಾಣದಿಂದ ಕೀಲನ್ನು ಹೊಡೆದು ಅವನ್ನು ನಿಲ್ಲಿಸಬೇಕಾಯಿತು.

ಇದು ಕಥೆ. ಇತಿಹಾಸದ ಅಶೋಕನನ್ನು ನೋಡಬೇಕೆಂದರೆ ನೀವು ದೂರ ಹೋಗಬೇಕಾಗಿಲ್ಲ. ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಡದಲ್ಲಿ ಸನ್ನತಿಯಿದೆ. ಪಕ್ಕದ ಕನಗನಹಳ್ಳಿಯ ಸ್ತೂಪವನ್ನು ೧೯೯೦ರ ದಶಕದಲ್ಲಿ ಅಗೆದಾಗ ‘ರಾಯ ಅಸೋಕೋ’ ಎಂದು ಹೆಸರು ಕೊರೆದ ಅವನ ಶಿಲ್ಪ ದೊರೆಯಿತು. ಅದಕ್ಕೂ ಮೊದಲು, ೧೯೮೦ರ ದಶಕದಲ್ಲಿ, ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯಲ್ಲಿ ಪೀಠವಾಗಿದ್ದ ಕಲ್ಲಿನ ಮೇಲೆ ಅವನ ಶಾಸನಗಳು ಕಂಡುಬಂದವು. ಅಲ್ಲಿ ಒಡೆದ ರೂಪದಲ್ಲಿಯೂ ಒಡಿಶಾದ ಧೌಲಿಯಲ್ಲಿ ಹೆಚ್ಚು ಪೂರ್ಣವಾಗಿಯೂ ಇರುವ ಒಂದು ಶಾಸನ ಅಧಿಕಾರಿಗಳಿಗೆ ಬರೆಸಿದುದು. ಕಾರಣವಿಲ್ಲದೆ ಯಾರೂ ಸೆರೆಯಲ್ಲಿ ನರಳಬಾರದು. ಅಸೂಯೆ, ಕೋಪ, ಅವಸರ, ಸೋಮಾರಿತನಗಳನ್ನು ಬಿಟ್ಟು ಪಕ್ಷಪಾತವಿಲ್ಲದೆ ನಡೆಯಬೇಕು ಎಂಬುದು ಅದರ ತಾತ್ಪರ್ಯ. ರಾಜನ ಆಜ್ಞೆಯನ್ನು ನಡೆಸಿದರೆ ಸಾಲದು, ಎದುರಿಗಿರುವವನನ್ನು ವಿವೇಚಿಸಿ ನಡೆಸಬೇಕು. ಕಥೆಯ ಕಾವಲುಯಂತ್ರಗಳಿಗೆ ಇಲ್ಲದಿದ್ದುದು ಈ ವಿವೇಚನೆಯೇ. ಆಟದ ಯಂತ್ರಮಾನವನಿಗೆ ಅದನ್ನು ಆಟಗಾರನು ತನ್ನಿಂದ ಕೊಡುತ್ತಾನೆ.

ಇಂದು ನಮ್ಮ ನಡುವೆಯೂ ಯಂತ್ರಗಳು ಬಾಗಿಲು ಕಾಯುತ್ತಿವೆ. ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿದು ಬೆರಳ ಗೆರೆ ಸವೆದವನು ಪಡಿತರದ ಅಂಗಡಿಗೆ ಹೋದರೆ, ಬೆರಳಚ್ಚಿನ ಯಂತ್ರ ಅವನ ಗುರುತು ಹಿಡಿಯದೆ ಹೋಗಬಹುದು. ಅದು ಯಂತ್ರದ ತಪ್ಪಲ್ಲ. ಅದಕ್ಕೆ ಗೊತ್ತಿರುವುದು ಅಷ್ಟೇ. ಆದರೆ ಅವನನ್ನು ಮುಖತಃ ಬಲ್ಲವರೂ ಯಂತ್ರ ಒಪ್ಪಲಿಲ್ಲವೆಂದು ಬರಿಗೈಯಲ್ಲಿ ಕಳುಹಿಸಿದರೆ, ಅಲ್ಲಿ ಯಂತ್ರವೊಂದಲ್ಲ, ಎರಡು ಇದ್ದಂತಾಯಿತು. ಯಂತ್ರಕ್ಕೆ ಎಂದಾದರೂ ಮನಸ್ಸು ಬಂದೀತೆ ಎಂದು ವಿದ್ವಾಂಸರು ಚರ್ಚಿಸುತ್ತಿರಲಿ. ಅದು ಬರುವವರೆಗೆ, ತೂಬಿನ ಪಕ್ಕದಲ್ಲಿ ನಿಂತವರು ನಾವೇ ಅಲ್ಲವೆ?