ಗೊಂಬೆ ಹಣ್ಣಿನ ನಾಲ್ಕೂ ಮಗ್ಗುಲು

ಎರಡನೇ ಇಯತ್ತೆಯ ಹುಡುಗನಿಗೆ ಚಕ್ಕಡಿಯ ಚಿತ್ರ ತೆಗೆಯಲು ಹೇಳಿ ನೋಡಿ. ಎತ್ತುಗಳು ಮಗ್ಗುಲಿನಿಂದ ಕಂಡಂತೆ ಇರುತ್ತವೆ, ಹೇರಿದ ಕಬ್ಬು ಮೇಲಿನಿಂದ ಕಂಡಂತೆ, ಆಚೆ ಬದಿಯ ಗಾಲಿಯೂ ಬಿಟ್ಟುಹೋಗಿರುವುದಿಲ್ಲ. ನಿಂತಲ್ಲಿಂದ ಇಷ್ಟೆಲ್ಲ ಕಾಣದು. ಆದರೆ ಅವನಿಗೆ ಚಕ್ಕಡಿ ಪೂರ್ತಿ ಗೊತ್ತು, ಗೊತ್ತಿದ್ದುದನ್ನೆಲ್ಲ ಹಾಳೆಗಿಳಿಸುತ್ತಾನೆ. ಹೈಸ್ಕೂಲಿಗೆ ಬಂದು ಚಿತ್ರಕಲೆಯ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರುವಷ್ಟರಲ್ಲಿ ಈ ಧೈರ್ಯ ಕರಗಿರುತ್ತದೆ. ಪರೀಕ್ಷೆಯ ತಾಲೀಮು ಬೇಕೇ ಬೇಕು. ಅದರ ಜೊತೆಗೇ ಕ್ಯೂಬಿಸಂ ಕಲಿಸಿದರೆ ಕಳೆದುಹೋದದ್ದು ಮರಳಿ ಬರುತ್ತದೆ ಎಂದು ನಾನು ನಂಬಿದ್ದೇನೆ.

1908ರಲ್ಲಿ ಚಿತ್ರಕಾರ ಜಾರ್ಜ್ ಬ್ರಾಕ್ ದಕ್ಷಿಣ ಫ್ರಾನ್ಸಿನ ಎಸ್ತಾಕ್ ಊರಿನ ಮನೆಗಳನ್ನು ಕಿಟಕಿ ಬಾಗಿಲಿಲ್ಲದ ಬರೀ ಘನಾಕೃತಿಗಳಾಗಿ ಬರೆದ. ಅವನೂ ಪಿಕಾಸೊನೂ ಸೇರಿ ಮುಂದಿನ ಕೆಲವೇ ವರ್ಷಗಳಲ್ಲಿ, ಒಂದು ವಸ್ತುವನ್ನು ಹಲವು ಕಡೆಯಿಂದ ನೋಡಿ ಆ ನೋಟಗಳನ್ನೆಲ್ಲ ಒಂದೇ ಚಿತ್ರದಲ್ಲಿ ಕೂಡಿಸುವ ದಾರಿ ಕಂಡುಕೊಂಡರು; ಅದೇ ಕ್ಯೂಬಿಸಂ. ನಮ್ಮಲ್ಲಿ 1920ರ ದಶಕದಲ್ಲೇ ಗಗನೇಂದ್ರನಾಥ ಟಾಗೋರ್ ಕಲ್ಕತ್ತದಲ್ಲಿ ಈ ರೀತಿಯನ್ನು ನೆರಳು-ಬೆಳಕಿನ ತಮ್ಮದೇ ಲೋಕಕ್ಕೆ ಒಗ್ಗಿಸಿಕೊಂಡರು.

ಅರಭಾವಿ ಸೀಮೆಯ ಶಾಲೆಯಲ್ಲಿ ಪಾಠ ಶುರುಮಾಡಲು ಗೋಕಾಕದ ಗೊಂಬೆ ಹಣ್ಣೊಂದು ಸಾಕು. ನಿಜವಾದ ಹಣ್ಣೇ ಎನ್ನಿಸುವಂತೆ ಬಣ್ಣ ಕೊಟ್ಟು ಮಾಡುವುದರಲ್ಲಿ ಇಲ್ಲಿನ ಕುಶಲಿಗರದು ಎತ್ತಿದ ಕೈ. ಅದರ ಪಕ್ಕ ಒಂದು ತಂಬಿಗೆ ಇಟ್ಟು ಮಕ್ಕಳನ್ನು ಸುತ್ತ ಕೂರಿಸಬೇಕು. ಒಬ್ಬಳಿಗೆ ತಂಬಿಗೆಯ ಕಂಠ ಮತ್ತು ಹೊಟ್ಟೆ ಕಾಣುತ್ತದೆ. ಬೆಂಚಿನ ಮೇಲೆ ನಿಂತವನಿಗೆ ಬಾಯಿ ದುಂಡಗೆ ಕಾಣುತ್ತದೆ. ಗೆರೆಯಲ್ಲಷ್ಟೇ ಬರೆದು, ಜಾಗ ಬದಲಿಸಿ, ಅದೇ ಹಾಳೆಯ ಮೇಲೆ ಮತ್ತೆ ಬರೆಯಬೇಕು. ರಬ್ಬರ್ ಮುಟ್ಟುವಂತಿಲ್ಲ. ಗೆರೆ ಗೆರೆಯನ್ನು ಕಡಿದಲ್ಲೆಲ್ಲ ಹೊಸ ತುಂಡುಗಳು ಹುಟ್ಟುತ್ತವೆ. ದುಂಡು ಬಾಯಿಯೂ ಉಬ್ಬಿದ ಹೊಟ್ಟೆಯೂ ಒಂದರೊಳಗೊಂದು ಸೇರುತ್ತವೆ. ಪ್ರತಿ ತುಂಡಿಗೂ ಒಂದು ಬದಿ ಗಾಢ, ಇನ್ನೊಂದು ಬದಿ ತಿಳಿಯಾಗಿ ಬಣ್ಣ ತುಂಬಿಸಿದರೆ ಹಾಳೆ ಮಡಿಕೆ ಮಡಿಕೆಯಾಗಿ ಎದ್ದು ಕಾಣುತ್ತದೆ. ಮೊದಲ ಸಲ ಕಂದು, ಬೂದು, ಕಪ್ಪು ಬಣ್ಣಗಳಷ್ಟೇ ಇರಲಿ. 1910-11ರಲ್ಲಿ ಬ್ರಾಕ್, ಪಿಕಾಸೊ ಇಬ್ಬರೂ ಆಕಾರದ ಮೇಲೆ ಕಣ್ಣು ನಿಲ್ಲಲೆಂದು ಬಣ್ಣವನ್ನು ಹೀಗೇ ಹಿಡಿತದಲ್ಲಿಟ್ಟಿದ್ದರು. ಇದ್ದಿಲು, ಕೆಮ್ಮಣ್ಣು, ಸುಣ್ಣ ಸಿಕ್ಕರೆ ಬಣ್ಣದ ಡಬ್ಬಿಯ ಖರ್ಚೂ ಇಲ್ಲ.

ಎರಡನೇ ಪಾಠ ಅಂಟಿಸುವುದು. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗವನ್ನೇ ಚೌಕಟ್ಟು ಮಾಡಿದ. ಮನೆಯಲ್ಲಿ ಅಜ್ಜಿ ಹಳೇ ಸೀರೆ, ಧೋತರದ ತುಂಡು ಜೋಡಿಸಿ ಕೌದಿ ಹೊಲಿಯುವುದನ್ನು ಕಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಗ್ನಪತ್ರಿಕೆ, ಹಳೇ ಪೇಪರು, ಬಸ್ಸಿನ ಟಿಕೆಟ್ಟು ಎಲ್ಲವೂ ನಡೆಯುತ್ತದೆ.

ಕೊನೆಗೆ ಇಡೀ ವರ್ಗ ಸೇರಿ ಮಾಡುವ ಚಿತ್ರಕ್ಕೆ ಗೋಕಾಕ ಜಲಪಾತಕ್ಕಿಂತ ಒಳ್ಳೆಯ ವಿಷಯ ನನಗೆ ಹೊಳೆಯುವುದಿಲ್ಲ. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ತೂಗುಸೇತುವೆಯ ಮೇಲೆ ನಿಂತವರಿಗೆ ನೀರು ಅಂಚಿನತ್ತ ಓಡುವುದು ಕಾಣುತ್ತದೆ, ದಂಡೆಯಲ್ಲಿ ನಿಂತವರಿಗೆ ಕುದುರೆಲಾಳದಂತೆ ಬಾಗಿದ ಬಂಡೆ. ಹಳೆಯ ಮಿಲ್ಲಿನ ಗೋಡೆ, ಗುಡಿಯ ಕಲ್ಲು, ಮಳೆಗಾಲದ ಕೆನ್ನೀರು ಬೇರೆ. ಒಬ್ಬೊಬ್ಬರಿಗೆ ಒಂದೊಂದು ನೋಟ ಹಂಚಿ, ಬರೆದದ್ದನ್ನು ಕತ್ತರಿಸಿ ದೊಡ್ಡ ರಟ್ಟಿನ ಮೇಲೆ ಜೋಡಿಸಲು ಮಕ್ಕಳಿಗೇ ಬಿಡಬೇಕು. ಸೇತುವೆ ಎಲ್ಲಿ ಬರಬೇಕೆಂದು ಜಗಳ ಆಗಿಯೇ ಆಗುತ್ತದೆ. ಮಾಸ್ತರರು ನಡುವೆ ಬಾಯಿ ಹಾಕದೆ, ಆ ಜಗಳಕ್ಕೆಂದೇ ಒಂದು ಪೀರಿಯಡ್ ತೆಗೆದಿಡಲಿ.