ಟೆಲಿಸ್ಕೋಪ್ ಕನ್ನಡಿಗೂ ಬೇಕು ತಕ್ಕಡಿ! ಏನಿದು 'ಮಿರರ್ ಸೆಲ್'? ಮನೆಯಲ್ಲೇ ಮಾಡುವುದು ಹೇಗೆ?

ತಿಂಗಳುಗಟ್ಟಲೆ ಗಾಜು ಉಜ್ಜಿ, ದೊಡ್ಡ ಟೆಲಿಸ್ಕೋಪ್‌ಗೆ ಕನ್ನಡಿಯನ್ನು ತಾವೇ ತಯಾರಿಸುವ ಹವ್ಯಾಸಿಗಳಿದ್ದಾರೆ. ಆದರೆ ಆ ಕನ್ನಡಿಯನ್ನು ಸರಿಯಾಗಿ ಕೂರಿಸದಿದ್ದರೆ ಅಷ್ಟೂ ಶ್ರಮ ನೀರುಪಾಲು. ಚುಕ್ಕಿಯಂತೆ ಕಾಣಬೇಕಾದ ನಕ್ಷತ್ರ ಮೂರು ಮೂಲೆಯಾಗಿಯೋ, ಉದ್ದುದ್ದವಾಗಿಯೋ ಕಾಣುತ್ತದೆ. ಇದನ್ನು ತಪ್ಪಿಸಲು ಕನ್ನಡಿಯ ಕೆಳಗೆ ಇಡುವ ಆಧಾರವೇ 'ಮಿರರ್ ಸೆಲ್'.

ಗಾಜು ಬಾಗುತ್ತದೆಯೇ?

ಹೌದು, ತನ್ನದೇ ಭಾರಕ್ಕೆ ಬಾಗುತ್ತದೆ. ಕನ್ನಡಿಯ ಮೇಲ್ಮೈಯಲ್ಲಿ 70 ನ್ಯಾನೋಮೀಟರ್, ಅಂದರೆ ಕೂದಲಿನ ದಪ್ಪದ ಸುಮಾರು ಸಾವಿರದ ಒಂದು ಭಾಗದಷ್ಟು ವ್ಯತ್ಯಾಸವಾದರೂ ಚಿತ್ರ ಕೆಡಲು ಶುರುವಾಗುತ್ತದೆ. ದಪ್ಪ ಹಾಗೆಯೇ ಇದ್ದು ಅಗಲ ಎರಡು ಪಟ್ಟಾದರೆ ಬಾಗುವಿಕೆ 16 ಪಟ್ಟಾಗುತ್ತದೆ. ಹಾಗಾಗಿ ಸಣ್ಣ ಕನ್ನಡಿಗೆ ಮೂರು ಆಧಾರ ಸಾಕು; ದೊಡ್ಡದಕ್ಕೆ 9, 18 ಅಥವಾ 27 ಬೇಕು.

ಫೋರ್ಟ್‌ನ ಕಾಲೇಜಿಗೂ ನಂಟು

ಈ ಸಮಸ್ಯೆ ಹಳೆಯದು. ಐರ್ಲೆಂಡ್‌ನ ಥಾಮಸ್ ಗ್ರಬ್ 1835ರಲ್ಲೇ ಆರ್ಮಾ ವೀಕ್ಷಣಾಲಯದ 15 ಇಂಚಿನ ಕನ್ನಡಿಯನ್ನು ಸನ್ನೆಗಳ ಮೇಲೆ ಕೂರಿಸಿದ್ದರು. ಮುಂದೆ ಗ್ರಬ್ ಕಂಪನಿಯ ಟೆಲಿಸ್ಕೋಪ್ ಭಾರತಕ್ಕೂ ಬಂತು. ಇಂದು ಮುಂಬೈನ ಫೋರ್ಟ್ ಪ್ರದೇಶದಲ್ಲಿರುವ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾವಸ್‌ಜಿ ದಾದಾಭಾಯಿ ನೇಗಮ್‌ವಾಲಾ ಅವರಿಗೆ 1882ರಲ್ಲಿ ಭಾವನಗರದ ಮಹಾರಾಜರು 5,000 ರೂ. ಕೊಟ್ಟರು. ಬಾಂಬೆ ಸರ್ಕಾರವೂ ಅಷ್ಟೇ ಹಣ ಸೇರಿಸಿತು. 1888ರಲ್ಲಿ ಪುಣೆಯಲ್ಲಿ ವೀಕ್ಷಣಾಲಯ ಸಿದ್ಧವಾಯಿತು. 1912ರಲ್ಲಿ ಅದು ಮುಚ್ಚಿದಾಗ ಅಲ್ಲಿದ್ದ 20 ಇಂಚಿನ ಗ್ರಬ್ ಟೆಲಿಸ್ಕೋಪ್ ಕೊಡೈಕೆನಾಲ್ ಸೇರಿತು.

18 ಬಿಂದುಗಳ ಲೆಕ್ಕ

ಮನೆಯಲ್ಲಿ ಮಾಡುವ ಸೆಲ್‌ಗೂ ಇದೇ ಸನ್ನೆಯ ತತ್ವ. 16 ಇಂಚು ಅಗಲ, 4 ಸೆಂ.ಮೀ. ದಪ್ಪದ ಕನ್ನಡಿ ಸುಮಾರು 12 ಕೆ.ಜಿ. ತೂಗುತ್ತದೆ. 18 ಬಿಂದುಗಳಿಗೆ ಹಂಚಿದರೆ ಒಂದೊಂದಕ್ಕೆ 700 ಗ್ರಾಂಗಿಂತ ಕಡಿಮೆ.

* ಚೌಕಟ್ಟಿನ ಮೇಲೆ ಮೂರು ಬೋಲ್ಟ್‌ಗಳು. ಕನ್ನಡಿಯ ಓರೆ ಸರಿಪಡಿಸುವುದೂ ಇವುಗಳಿಂದಲೇ.
* ಪ್ರತಿ ಬೋಲ್ಟ್ ಮೇಲೆ ತಕ್ಕಡಿಯ ದಂಡಿಗೆಯಂತೆ ಆಡುವ ಒಂದು ಪಟ್ಟಿ.
* ಪಟ್ಟಿಯ ಎರಡು ತುದಿಗೂ ಒಂದೊಂದು ತ್ರಿಕೋನ ತಗಡು. ಅದರ ಮೂರು ಮೂಲೆಗಳ ಮೇಲೆ ಕನ್ನಡಿ.

ತ್ರಿಕೋನವನ್ನು ಅದರ ಗುರುತ್ವ ಕೇಂದ್ರದಲ್ಲೇ ನಿಲ್ಲಿಸಬೇಕು. ಪ್ರತಿ ಕೀಲೂ ಸಲೀಸಾಗಿ ಆಡಬೇಕು. ಒಂದು ಕೀಲು ಬಿಗಿಯಾದರೂ ಭಾರದ ಹಂಚಿಕೆ ತಪ್ಪುತ್ತದೆ. ಬಿಂದುಗಳ ಜಾಗವನ್ನು 'ಪ್ಲಾಪ್' ಎಂಬ ಉಚಿತ ಸಾಫ್ಟ್‌ವೇರ್ ಲೆಕ್ಕ ಹಾಕಿಕೊಡುತ್ತದೆ.

ಅಂಚಿನ ಬಗ್ಗೆ ಎಚ್ಚರ

ಟೆಲಿಸ್ಕೋಪನ್ನು ದಿಗಂತದತ್ತ ಬಗ್ಗಿಸಿದಷ್ಟೂ ಭಾರ ಕನ್ನಡಿಯ ಅಂಚಿಗೆ ಬರುತ್ತದೆ. ಅಲ್ಲಿ ಪರಸ್ಪರ 90 ಡಿಗ್ರಿ ಅಂತರದಲ್ಲಿ, ಗಾಜಿನ ದಪ್ಪದ ನಡುಮಟ್ಟಕ್ಕೆ ಎರಡು ಆಧಾರ ಕೊಡಿ. ಕನ್ನಡಿ ಮುಂದಕ್ಕೆ ಬೀಳದಂತೆ ಹಾಕುವ ಕ್ಲಿಪ್‌ಗಳು ಗಾಜನ್ನು ಒತ್ತಬಾರದು. ನಡುವೆ ಒಂದು ಕಾಗದ ಜಾರುವಷ್ಟು ಜಾಗವಿರಲಿ.

ಮುಂಬೈ, ಮಂಗಳೂರಿನಂಥ ಕರಾವಳಿಯ ಮಳೆಗಾಲದಲ್ಲಿ ಪ್ಲೈವುಡ್ ಉಬ್ಬುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಪಟ್ಟಿ, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಒಳ್ಳೆಯದು. ಕನ್ನಡಿ ಬೇಗ ತಣಿಯಲು ಸೆಲ್‌ನ ಹಿಂಭಾಗ ತೆರೆದಿರಲಿ.

ತಪ್ಪು ಎಲ್ಲಿದೆ? ಹೀಗೆ ತಿಳಿಯಿರಿ

ನಕ್ಷತ್ರದ ಆಕಾರ ಕೆಟ್ಟಿದ್ದರೆ ಕನ್ನಡಿಯನ್ನು ಸೆಲ್‌ನಲ್ಲೇ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ದೋಷವೂ ಜತೆಗೇ ತಿರುಗಿದರೆ ಗಾಜಿನಲ್ಲಿ ತಪ್ಪಿದೆ. ತಿರುಗದೆ ಹಾಗೇ ಉಳಿದರೆ ಮೊದಲು ಸೆಲ್ ಪರೀಕ್ಷಿಸಿ. ಕನ್ನಡಿಯನ್ನು ಮತ್ತೆ ಉಜ್ಜುವ ಮುನ್ನ ಈ ಪರೀಕ್ಷೆ ಮಾಡುವುದನ್ನು ಮರೆಯಬೇಡಿ.