ಇಂಗ್ಲಿಷ್ ತರಗತಿಯಲ್ಲಿ ಸ್ವಂತ ಓದಿಗೆ ಜಾಗವೆಲ್ಲಿ?

ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷನ್ನು ಒಂದು ಭಾಷೆಯಾಗಿ ಒಂದನೇ ತರಗತಿಯಿಂದಲೇ ಕಲಿಸಲು ಆರಂಭಿಸಿದ್ದು 2007ರಲ್ಲಿ. ಅದಕ್ಕೆ ಮುನ್ನ ನಡೆದ ವಾದ–ವಿವಾದಗಳು ಇಂಗ್ಲಿಷ್ ಬೇಕೇ, ಬೇಕಾದರೆ ಯಾವ ತರಗತಿಯಿಂದ ಎಂಬುದರ ಸುತ್ತಲೇ ಗಿರಕಿ ಹೊಡೆದವು. ಆ ಭಾಷೆಯಲ್ಲಿ ಮಗು ಏನನ್ನು ಓದುತ್ತದೆ, ಎಷ್ಟು ಓದುತ್ತದೆ ಎಂಬ ಪ್ರಶ್ನೆ ಅಂದೂ ಹಿಂದುಳಿಯಿತು, ಇಂದೂ ಹಿಂದೆಯೇ ಉಳಿದಿದೆ. ಆರನೇ ತರಗತಿಗೆ ಬರುವ ಹೊತ್ತಿಗೆ ಮಗು ಐದು ವರ್ಷ ಇಂಗ್ಲಿಷ್ ಪಾಠ ಕೇಳಿರುತ್ತದೆ. ಆದರೆ ತಾನೇ ಆರಿಸಿಕೊಂಡ ಒಂದು ಇಂಗ್ಲಿಷ್ ಕಥೆಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿ ಮುಗಿಸಿದ ಮಕ್ಕಳು ಎಷ್ಟು ಮಂದಿ?

ನಮ್ಮ ಬಹುಪಾಲು ತರಗತಿಗಳಲ್ಲಿ ಪಾಠ ಸಾಗುವ ಬಗೆ ಎಲ್ಲರಿಗೂ ಗೊತ್ತು. ಶಿಕ್ಷಕರು ಒಂದು ಪ್ಯಾರಾ ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಕಪ್ಪುಹಲಗೆಯ ಮೇಲೆ ಪ್ರಶ್ನೋತ್ತರ ಬರೆಯುತ್ತಾರೆ. ಮಕ್ಕಳು ಅದನ್ನು ನೋಟ್ಸ್ ಪುಸ್ತಕಕ್ಕೆ ಇಳಿಸಿಕೊಂಡು ಉರು ಹೊಡೆಯುತ್ತಾರೆ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದರೆ ಅಂಕ ಬರುತ್ತದೆ. ಎಂದೂ ಕಾಣದ ಒಂದು ಗದ್ಯಭಾಗ ಎದುರಾದರೆ ಲೇಖನಿ ನಿಲ್ಲುತ್ತದೆ. ಇಲ್ಲಿ ಸಾಹಿತ್ಯದ ಪಾಠವೂ ನಡೆದಿಲ್ಲ, ಓದಿನ ಅಭ್ಯಾಸವೂ ಆಗಿಲ್ಲ.

ಇವೆರಡೂ ಬೇರೆ ಬೇರೆ ಕೆಲಸಗಳೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಇಡೀ ತರಗತಿ ಕೂಡಿ ಒಂದು ಕಥೆಯನ್ನು ಓದುವುದು ಸಾಹಿತ್ಯ ಬೋಧನೆ. ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಕಥೆಯನ್ನೇ ನೋಡಿ. ಒಬ್ಬನೇ ಮಲಗಲು ಹೆದರುವ ಸ್ವಾಮಿಯನ್ನು ತಂದೆ ತಮ್ಮ ಕಚೇರಿ ಕೋಣೆಯಲ್ಲಿ ಮಲಗಿಸುತ್ತಾರೆ. ಕತ್ತಲಲ್ಲಿ ದೆವ್ವ ಬಂತೆಂದು ಹೆದರಿದ ಹುಡುಗ ಅದರ ಕಾಲನ್ನು ಕಚ್ಚಿ ಹಿಡಿದರೆ, ಸಿಕ್ಕಿಬಿದ್ದವನು ಕಳ್ಳ! ಊರೆಲ್ಲ ಹೊಗಳುತ್ತದೆ, ಮರುರಾತ್ರಿ ಸ್ವಾಮಿ ಮತ್ತೆ ಅಜ್ಜಿಯ ಪಕ್ಕದಲ್ಲೇ ಮಲಗುತ್ತಾನೆ. ಹಾಗಾದರೆ ಇವನು ವೀರನೇ? ಭಯದಿಂದ ಮಾಡಿದ ಕೆಲಸವನ್ನು ಧೈರ್ಯ ಎನ್ನಬಹುದೇ? ಲೇಖಕರು ನಗುತ್ತಿರುವುದು ಸ್ವಾಮಿಯನ್ನು ಕಂಡೋ, ಹೊಗಳಿದ ಊರನ್ನು ಕಂಡೋ? ಏಳು–ಎಂಟನೇ ತರಗತಿಯ ಮಕ್ಕಳು ಇದನ್ನು ಕನ್ನಡ ಬೆರೆಸಿಯಾದರೂ ಚರ್ಚಿಸಬಲ್ಲರು. ಇಂಥ ಪ್ರಶ್ನೆಗಳಿಗೆ ಶಿಕ್ಷಕರ ನೆರವು ಬೇಕು, ನಿಧಾನವೂ ಬೇಕು.

ಸ್ವಂತ ಓದಿನ ದಾರಿ ಬೇರೆ. ಅಲ್ಲಿ ಪುಸ್ತಕವನ್ನು ಆರಿಸುವುದು ಮಗು. ರುಚಿಸದಿದ್ದರೆ ಅರ್ಧಕ್ಕೆ ಬಿಡುವ ಹಕ್ಕೂ ಅದರದೇ. ಪುಸ್ತಕ ಸುಲಭವಾಗಿರಬೇಕು, ಸಂಖ್ಯೆ ಹೆಚ್ಚಿರಬೇಕು, ಕೊನೆಯಲ್ಲಿ ಪ್ರಶ್ನೋತ್ತರ ಇರಬಾರದು. ಹಿಂದಿನ ತಲೆಮಾರಿಗೆ ನೆನಪಿರುವ ‘ನಾನ್ ಡೀಟೇಲ್ಡ್’ ಪುಸ್ತಕದ ಮೂಲ ಆಶಯ ಇದೇ ಆಗಿತ್ತು: ಪದಪದಕ್ಕೂ ಅರ್ಥ ಕೇಳದೆ ಕಥೆಯ ಸೆಳೆತಕ್ಕೆ ಓದಿಕೊಂಡು ಹೋಗುವುದು. ಪರೀಕ್ಷೆ ಅದನ್ನೂ ಪ್ರಶ್ನೋತ್ತರಗಳ ಮೂಟೆಯಾಗಿಸಿತು.

ಹೀಗೆ ಬಿಟ್ಟರೆ ಎರಡನೇ ಭಾಷೆ ಬರುತ್ತದೆಯೇ ಎಂಬ ಅನುಮಾನ ಸಹಜ. ವಾರ್ವಿಕ್ ಎಲೆ ಮತ್ತು ಫ್ರಾನ್ಸಿಸ್ ಮಂಗುಭಾಯಿ 1980ರ ದಶಕದ ಆರಂಭದಲ್ಲಿ ಫಿಜಿ ದ್ವೀಪಗಳ ಗ್ರಾಮೀಣ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿನ ಮಕ್ಕಳಿಗೂ ಇಂಗ್ಲಿಷ್ ಮನೆಮಾತಲ್ಲ. ಎಂಟು ಶಾಲೆಗಳ ನಾಲ್ಕು ಮತ್ತು ಐದನೇ ತರಗತಿಗಳಿಗೆ ತಲಾ 250 ಕಥೆಪುಸ್ತಕಗಳನ್ನು ಕೊಡಲಾಯಿತು. ಕೆಲವು ತರಗತಿಗಳಲ್ಲಿ ಶಿಕ್ಷಕರೊಡನೆ ಕೂಡಿ ಓದು, ಕೆಲವೆಡೆ ಮೌನ ಓದು. ವರ್ಷದ ಕೊನೆಗೆ ಓದಿ ಗ್ರಹಿಸುವುದರಲ್ಲಿ ಈ ಮಕ್ಕಳ ಪ್ರಗತಿ ಸಾಮಾನ್ಯಕ್ಕಿಂತ ಸುಮಾರು ಇಮ್ಮಡಿ ವೇಗದಲ್ಲಿತ್ತು. ಎರಡನೇ ವರ್ಷ ಅದರ ಫಲ ಬರವಣಿಗೆಯಲ್ಲೂ ಕಾಣಿಸಿತು.

ಹಾಗೆಂದು ಪುಸ್ತಕ ಹಂಚಿ ಶಿಕ್ಷಕರು ಕೈಕಟ್ಟಿ ಕುಳಿತರೆ ಸಾಲದು. ಮಾರ್ಗದರ್ಶನವಿಲ್ಲದ ಮೌನ ಓದಿನಿಂದ ಓದಿನ ಸರಾಗತೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಎಚ್ಚರಿಸಿತ್ತು. ಅದೇ ದೇಶದ ಮೇನ್ ರಾಜ್ಯದ ಶಿಕ್ಷಕಿ ನ್ಯಾನ್ಸಿ ಅಟ್‌ವೆಲ್ ಕಂಡುಕೊಂಡ ದಾರಿ ಇಲ್ಲಿ ಗಮನಾರ್ಹ. ಏಳು–ಎಂಟನೇ ತರಗತಿಯ ಮಕ್ಕಳಿಗೆ ಪುಸ್ತಕದ ಆಯ್ಕೆಯನ್ನು ಬಿಟ್ಟುಕೊಟ್ಟ ಅವರು, ಓದಿದ್ದರ ಬಗ್ಗೆ ಒಬ್ಬೊಬ್ಬರೊಡನೆಯೂ ಮಾತನಾಡಿದರು, ಪತ್ರ ಬರೆದು ಬರೆಸಿದರು. 1987ರಲ್ಲಿ ಪ್ರಕಟವಾದ ಅವರ ‘ಇನ್ ದ ಮಿಡ್ಲ್’ ಕೃತಿ ಈ ವಿಧಾನಕ್ಕೆ ಹೆಸರು ತಂದಿತು. 2015ರಲ್ಲಿ ಮೊದಲ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದ ಅವರು ಹತ್ತು ಲಕ್ಷ ಡಾಲರ್ ಮೊತ್ತವನ್ನು ತಾವು ಸ್ಥಾಪಿಸಿದ ಶಾಲೆಗೇ ಕೊಟ್ಟರು.

ನಮ್ಮಲ್ಲಿ ಕಾನೂನಿನ ಕೊರತೆಯಿಲ್ಲ. ಪ್ರತಿ ಶಾಲೆಯಲ್ಲೂ ಕಥೆಪುಸ್ತಕಗಳಿರುವ ಗ್ರಂಥಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ತೊಡಕಿರುವುದು ಬೀರುವಿನ ಬೀಗದಲ್ಲಿ. ಪುಸ್ತಕ ಕಳೆದರೆ, ಹರಿದರೆ ದಾಸ್ತಾನು ಪುಸ್ತಕದ ಲೆಕ್ಕಕ್ಕೆ ಉತ್ತರ ಹೇಳಬೇಕಾದವರು ಶಿಕ್ಷಕರು. ಆ ಅಂಜಿಕೆಯಲ್ಲಿ ಪುಸ್ತಕಗಳು ಹೊಸದಾಗಿಯೇ ಉಳಿಯುತ್ತವೆ, ಮಕ್ಕಳು ಓದದೆಯೇ ಮುಂದಿನ ತರಗತಿಗೆ ಹೋಗುತ್ತಾರೆ. ಓದಿ ಸವೆದ ಪುಸ್ತಕವನ್ನು ನಷ್ಟವೆಂದು ಬಗೆಯದೆ ಲೆಕ್ಕದಿಂದ ತೆಗೆದುಹಾಕುವ ಅಧಿಕಾರವನ್ನು ಶಾಲೆಗೇ ಕೊಡುವ ಒಂದು ಸ್ಪಷ್ಟ ಆದೇಶ, ಹತ್ತು ತರಬೇತಿ ಶಿಬಿರಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಇನ್ನೊಂದು ತೊಡಕು ವಯಸ್ಸಿನದು. ಹನ್ನೆರಡರ ಹುಡುಗಿಯ ಕುತೂಹಲ ದೊಡ್ಡದು, ಅವಳ ಇಂಗ್ಲಿಷ್ ಪುಟ್ಟದು. ಪುಟಾಣಿಗಳ ಪುಸ್ತಕ ಕೊಟ್ಟರೆ ಅವಳಿಗೆ ನಾಚಿಕೆ. ಇಂಥವರಿಗೆ ಕನ್ನಡ–ಇಂಗ್ಲಿಷ್ ದ್ವಿಭಾಷಾ ಕಥೆಗಳು ಒಳ್ಳೆಯ ಸೇತುವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಎರಡೂ ಭಾಷೆಯ ಕಥೆಗಳು ಉಚಿತವಾಗಿ ಸಿಗುತ್ತವೆ. ಕನ್ನಡದಲ್ಲಿ ಸುಖವಾಗಿ ಓದಬಲ್ಲ ಮಗುವಿಗೆ ಕಥೆಯ ಜಾಡು ಹಿಡಿಯುವುದು ಆಗಲೇ ಗೊತ್ತಿರುತ್ತದೆ. ಇಂಗ್ಲಿಷಿನಲ್ಲಿ ಅದು ಹೊಸದಾಗಿ ಕಲಿಯಬೇಕಾದುದು ಭಾಷೆಯನ್ನು ಮಾತ್ರ.

ವಾರದ ಇಂಗ್ಲಿಷ್ ಅವಧಿಗಳಲ್ಲಿ ಎರಡನ್ನು ಸ್ವಂತ ಓದಿಗೆ ಮೀಸಲಿಟ್ಟರೆ ‘ಪೋರ್ಷನ್’ ಮುಗಿಯದು ಎಂಬ ಆತಂಕ ಕೇಳಿಬರುತ್ತದೆ. ಆದರೆ ಪೋರ್ಷನ್ ಮುಗಿದೂ ಓದಲು ಬಾರದಿದ್ದರೆ ಮುಗಿಸಿದ್ದಾದರೂ ಏನನ್ನು? ಅನುಕೂಲಸ್ಥರ ಮನೆಯಲ್ಲಿ ಕಥೆಪುಸ್ತಕಗಳ ಕಪಾಟಿರುತ್ತದೆ. ಶಾಲೆ ಕೊಡದಿದ್ದುದನ್ನು ಮನೆ ತುಂಬಿಕೊಡುತ್ತದೆ. ಕೂಲಿ ಕಾರ್ಮಿಕರ ಮಗುವಿಗೆ ಇರುವುದು ಶಾಲೆಯ ಆ ಒಂದು ಬೀರು ಮಾತ್ರ. ಅದರ ಕೀಲಿಯನ್ನು ಮಕ್ಕಳ ಕೈಗೆ ಕೊಡುವ ಧೈರ್ಯವನ್ನು ಇಲಾಖೆ ತೋರಬೇಕು.